ಸಮಸ್ಯಾಪೂರಣ: ‘ಕದನದೆ ಸೋತವನೆ ಗೆದ್ದನೆಂಬುದು ಸತ್ಯಂ’

ಸಮಸ್ಯೆ
ಕೊಟ್ಟ ಒಂದು ಸಾಲಿಗೆ ಹೊಂದುವಂತೆ ಉಳಿದ ಸಾಲುಗಳನ್ನು ಕಟ್ಟಿ ಪದ್ಯ ಮುಗಿಸುವುದೇ ಸಮಸ್ಯಾಪೂರಣ. ಈ ಬಾರಿ ಕೊಟ್ಟಿರುವುದು ನಾಲ್ಕು ಪಾದಗಳ (ಸಾಲುಗಳ) ಕಂದಪದ್ಯದ ಕೊನೆಯ ಪಾದ. ಪ್ರಾಸಾಕ್ಷರ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರ, ದಕಾರ; ಅದರ ಹಿಂದಿನ ಅಕ್ಷರ ಲಘು (ಒಂದು ಮಾತ್ರೆಯದು). ‘ನೆ ಗೆದ್ದ’ ಎಂಬಲ್ಲಿ ಕಂದದ ನಿಯಮ ಬೇಡುವ ಜಗಣ (ಲಘು-ಗುರು-ಲಘು) ತಾನಾಗಿಯೇ ಕೂಡಿಬಂದಿದೆ. ಎಲ್ಲರೂ ಕುರುಕ್ಷೇತ್ರಕ್ಕೆ ಓಡದಿರಲೆಂದು ವಸ್ತುವನ್ನೂ ಗೊತ್ತುಮಾಡಿದ್ದೇನೆ: ಆಸ್ಟ್ರಿಯಾದ ಷೋನ್‌ಗ್ರಾಬರ್ನ್ ಹಳ್ಳಿಯಲ್ಲಿ 1805ರ ನವೆಂಬರ್ 16ರಂದು ನೆಪೋಲಿಯನ್‌ನ ಫ್ರೆಂಚರಿಗೂ ರಷ್ಯನ್ನರಿಗೂ ನಡೆದ ಕಾಳಗ. ಹಿಂದೆಗೆಯುತ್ತಿದ್ದ ಕುಟುಜೋವ್‌ನ ಮುಖ್ಯ ರಷ್ಯನ್ ಸೇನೆಯ ಬೆನ್ನು ಕಾಯಲು ಅಲ್ಲಿ ನಿಂತವನು ಸೇನಾನಿ ಬಾಗ್ರೇಷನ್.

ಮೊದಲ ಪೂರಣ
ನದಿಸೇತುವೆಯಂ ಸುಳ್ಳಿಂ
ಮುದದಿಂ ಪಡೆದವನೆ ಸಂಧಿಯಂ ನಂಬಿರೆ ತಾಂ
ಇದಿರೊಳ್ ಬಾಗ್ರೇಷನ್ ನಿಲೆ
ಕದನದೆ ಸೋತವನೆ ಗೆದ್ದನೆಂಬುದು ಸತ್ಯಂ

ಸುಳ್ಳು ಹೇಳಿದವನು ಫ್ರೆಂಚ್ ಸೇನಾನಿ ಮ್ಯೂರಾ. ನವೆಂಬರ್ 13ರಂದು ಅವನೂ ಇನ್ನೊಬ್ಬ ಫ್ರೆಂಚ್ ಸೇನಾನಿ ಲಾನನೂ ವಿಯೆನ್ನಾದ ಡ್ಯಾನ್ಯೂಬ್ ಸೇತುವೆಯ ಮೇಲೆ ಹರಟುತ್ತ ನಡೆದುಬಂದು, ಕದನವಿರಾಮಕ್ಕೆ ಸಹಿ ಬಿದ್ದಿದೆಯೆಂದು ಆಸ್ಟ್ರಿಯನ್ನರನ್ನು ನಂಬಿಸಿ, ಸಿಡಿಸಲು ಅಣಿಯಾಗಿದ್ದ ಆ ಸೇತುವೆಯನ್ನು ಹಾಗೆಯೇ ವಶಪಡಿಸಿಕೊಂಡರು. ಎರಡೇ ದಿನ ಕಳೆದ ಮೇಲೆ ರಷ್ಯನ್ನರು ಅದೇ ಮಾತನ್ನು ಅವನ ಮುಂದಿಟ್ಟಾಗ ಅವನೂ ನಂಬಿ ನಿಂತ. ನೆಪೋಲಿಯನ್‌ನ ಬೈಗುಳದ ಪತ್ರ ಬಂದು ಮುಟ್ಟುವಷ್ಟರಲ್ಲಿ ಕುಟುಜೋವ್‌ನ ದಣಿದ ಸೇನೆ ದೂರ ಸಾಗಿತ್ತು.

ಎರಡನೆಯ ಪೂರಣ
ಬದುಕಲ್ ಕುಟುಜೋವನ ಪಡೆ
ಹದನರಿತೂರಿಂಗೆ ಬೆಂಕಿಯಂ ಗುಂಡಿಕ್ಕಲ್
ಎದೆಗುಂದದೆ ಪಿಂಜರಿದುಂ
ಕದನದೆ ಸೋತವನೆ ಗೆದ್ದನೆಂಬುದು ಸತ್ಯಂ

ಹಳ್ಳಿಗೆ ಬೆಂಕಿ ಹಚ್ಚಿದ್ದು ರಷ್ಯನ್ ಫಿರಂಗಿಗಳು. ಉರಿಯುವ ಬೀದಿಯಿಂದ ಮದ್ದುಗುಂಡುಗಳನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಫ್ರೆಂಚರ ನಡೆ ತಡವಾಯಿತು. ಸುಮಾರು 7,000 ಮಂದಿಯೊಡನೆ ತನಗಿಂತ ಎಷ್ಟೋ ದೊಡ್ಡ ಸೇನೆಯನ್ನು ರಾತ್ರಿಯವರೆಗೆ ತಡೆದ ಬಾಗ್ರೇಷನ್, ಬಹಳ ಜನರನ್ನು ಕಳೆದುಕೊಂಡರೂ ಉಳಿದವರನ್ನು ಕರೆದೊಯ್ದು ಕುಟುಜೋವ್‌ನನ್ನು ಸೇರಿಕೊಂಡ.

ಪ್ರತಿಕ್ರಿಯೆ
ಎರಡನೆಯದು ನನಗೆ ಹೆಚ್ಚು ಹಿಡಿಸಿತು. ಮೊದಲನೆಯದರಲ್ಲಿ ಚಮತ್ಕಾರವೆಲ್ಲ ಮ್ಯೂರಾನ ಪಾಲಾಗಿ, ಸೋತವನು ಯಾರೆಂಬುದೇ ಮಸುಕಾಗಿದೆ. ಎರಡನೆಯದರಲ್ಲಿ ‘ಪಿಂಜರಿದುಂ’ (ಹಿಂದೆ ಸರಿದೂ) ಎಂಬ ಒಂದೇ ಪದ ಸಮಸ್ಯೆಯ ವಿರೋಧವನ್ನು ಬಿಡಿಸುತ್ತದೆ. ಏಕೆಂದರೆ ಬಾಗ್ರೇಷನ್‌ಗೆ ಒಪ್ಪಿಸಿದ್ದ ಕೆಲಸ ನೆಲವನ್ನು ಉಳಿಸುವುದಲ್ಲ, ಹೊತ್ತನ್ನು ಗಳಿಸುವುದು. ಭಾಷೆಯೆಲ್ಲ ಹಳಗನ್ನಡವಾಗಿರುವಾಗ ಸಮಸ್ಯೆಯಲ್ಲಿ ‘ಗೆಲ್ದ’ ಎಂದಿದ್ದರೆ ಇನ್ನೂ ಒಪ್ಪುತ್ತಿತ್ತು, ಮಾತ್ರೆಯೂ ಕೆಡುತ್ತಿರಲಿಲ್ಲ.

ಆದರೆ ‘ಸತ್ಯಂ’ ಎಂಬುದರ ಮೇಲೆಯೇ ನನ್ನ ತಕರಾರಿದೆ. ಹೀಗೆ ಉಳಿದ ಸೇನೆ ಡಿಸೆಂಬರ್ 2ರಂದು ಆಸ್ಟರ್‌ಲಿಟ್ಸ್‌ನಲ್ಲಿ ನುಚ್ಚುನೂರಾಯಿತಲ್ಲ! ನಡುವಿನ ಅಂತರ ಹದಿನಾರೇ ದಿನ, ಮತ್ತು ಪುಣ್ಯಕ್ಕೆ ಪ್ರಾಸವೂ ಅಲ್ಲೇ ಇದೆ: ‘ಹದಿನಾರೇ ದಿನದ ಬಳಿಕ’. ಪಾದ ಸರಿಯಾಗಿ ಹನ್ನೆರಡು ಮಾತ್ರೆ; ಮುಂದಿನ ಎರಡನ್ನು ಯಾರಾದರೂ ತುಂಬಿಕೊಡಿ.