‘ವರ್ಟಿಸಾಲ್’ಗೆ ‘ಎರೆಮಣ್ಣು’ ಅನ್ನಬಹುದೇ?

ಪ್ರಶ್ನೆ: ಮಣ್ಣು ಸಮೀಕ್ಷೆಯ ವರದಿಯೊಂದರ ಅನುವಾದದಲ್ಲಿ ‘ವರ್ಟಿಸಾಲ್’ ಬಂದಲ್ಲೆಲ್ಲ ‘ಎರೆಮಣ್ಣು’, ‘ಆಲ್ಫಿಸಾಲ್’ ಬಂದಲ್ಲಿ ‘ಕೆಂಪು ಮಣ್ಣು’ ಎಂದು ಹಾಕಿದರೆ ಸರಿಯೇ? ‘ಕ್ಲೇ’ಗೆ ಬರೀ ‘ಜೇಡಿ’ ಸಾಕೇ?

ಉತ್ತರ: ವರ್ಟಿಸಾಲ್, ಆಲ್ಫಿಸಾಲ್ ಎರಡೂ ಹೆಸರನ್ನು ಹಾಗೇ ಬಿಡಿ. ‘ಎರೆ’ ಎಂಬುದು ಹೊಲದವರ ಮಾತು. ಬಣ್ಣ, ಅಂಟು, ತೇವ ಹಿಡಿಯುವ ಗುಣ ನೋಡಿ ಇಟ್ಟದ್ದು. ವರ್ಟಿಸಾಲ್ ಅಮೆರಿಕದ ಕೃಷಿ ಇಲಾಖೆಯ ‘ಸಾಯಿಲ್ ಟ್ಯಾಕ್ಸಾನಮಿ’ ಪದ್ಧತಿಯ 12 ಗಣಗಳಲ್ಲಿ (ಆರ್ಡರ್) ಒಂದು. ನಮ್ಮ ರಾಷ್ಟ್ರೀಯ ಸಮೀಕ್ಷೆಯೂ ಇದನ್ನೇ ಅನುಸರಿಸುತ್ತದೆ. ಇಲ್ಲಿ ಗಣ ತೀರ್ಮಾನಿಸುವಾಗ ಕಪ್ಪು ಬಣ್ಣ ಲೆಕ್ಕಕ್ಕಿಲ್ಲ. ಮೇಲಿನ 100 ಸೆಂ.ಮೀ. ಒಳಗೆ ಶುರುವಾಗುವ, ಕನಿಷ್ಠ 25 ಸೆಂ.ಮೀ. ದಪ್ಪದ ಒಂದು ಪದರ ಇರಬೇಕು. ಅದರಲ್ಲಿ ಮಣ್ಣು ಮಣ್ಣಿನ ಮೇಲೆ ಜಾರಿ ಉಜ್ಜಿದ ನುಣುಪು ಮೈಯೋ ಬೆಣೆಯಾಕಾರದ ಹೆಂಟೆಯೋ ಕಾಣಬೇಕು. 50 ಸೆಂ.ಮೀ. ಆಳದವರೆಗೆ (ಬಂಡೆ ಅದಕ್ಕೂ ಮೇಲೆ ಸಿಕ್ಕರೆ ಅಲ್ಲಿಯವರೆಗೆ) ಜೇಡಿಕಣ (ಮಣ್ಣಿನ ಅತಿ ಸಣ್ಣ ಕಣ) ಶೇ 30ಕ್ಕಿಂತ ಕೆಳಗೆ ಇಳಿಯಬಾರದು. ಒಣಗಿದಾಗ ಬಾಯಿಬಿಟ್ಟು ನೆನೆದಾಗ ಮುಚ್ಚುವ ಬಿರುಕೂ ಬೇಕು. ಮೂರರಲ್ಲಿ ಒಂದು ತಪ್ಪಿದರೂ ವರ್ಟಿಸಾಲ್ ಅಲ್ಲ. ಕಲ್ಲು ಬೇಗ ತಗಲುವ ತೆಳು ಎರೆ ಹೊಲ ಎಷ್ಟೋ ಸಲ ಇನ್ಸೆಪ್ಟಿಸಾಲ್ ಎಂಬ ಬೇರೆ ಗಣಕ್ಕೆ ಹೋಗುತ್ತದೆ. ನಿಮ್ಮ ಅನುವಾದದಲ್ಲಿ ಅದೂ ಎರೆಯೇ, ಇದೂ ಎರೆಯೇ ಆದರೆ ನಕ್ಷೆಯ ಗೆರೆಗೆ ಅರ್ಥವೇ ಉಳಿಯದು.

ಕೆಂಪು ಮಣ್ಣಿನ ಪಾಡು ಇನ್ನೂ ಕಷ್ಟ. ಅದು ಆಲ್ಫಿಸಾಲ್ ಆಗಬಹುದು, ಅಲ್ಟಿಸಾಲ್ ಎಂಬ ಇನ್ನೊಂದು ಗಣವೂ ಆಗಬಹುದು. ಇವೆರಡನ್ನು ಬೇರ್ಪಡಿಸುವುದು ಕೆಳಪದರದ ಪ್ರತ್ಯಾಮ್ಲ ಸಂತೃಪ್ತಿ (ಮಣ್ಣು ಹಿಡಿದಿಡುವ ಧನ ಅಯಾನುಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂನಂಥವುಗಳ ಪಾಲು): ಶೇ 35 ಮತ್ತು ಮೇಲಿದ್ದರೆ ಆಲ್ಫಿಸಾಲ್, ಕೆಳಗಿದ್ದರೆ ಅಲ್ಟಿಸಾಲ್. ಪ್ರಯೋಗಾಲಯದಲ್ಲಿ ಅಳೆಯದೆ ಗೊತ್ತಾಗುವ ಸಂಗತಿಯಲ್ಲ ಇದು.

ವರದಿಯಲ್ಲಿ ಅಂತರರಾಷ್ಟ್ರೀಯ ಪದ್ಧತಿಯ (‘ವರ್ಲ್ಡ್ ರೆಫರೆನ್ಸ್ ಬೇಸ್’ ಅಥವಾ ಡಬ್ಲ್ಯುಆರ್‌ಬಿ, 32 ಗುಂಪುಗಳು) ಹೆಸರೂ ಇದ್ದರೆ ಎಚ್ಚರ. ವರ್ಟಿಸಾಲ್ ಎರಡರಲ್ಲೂ ಇದೆ, ಆಲ್ಫಿಸಾಲ್ ಅಲ್ಲಿಲ್ಲ. ಅದರ ಮಣ್ಣುಗಳು ಹೆಚ್ಚಾಗಿ ಲುವಿಸಾಲ್, ಲಿಕ್ಸಿಸಾಲ್ ಎಂಬ ಗುಂಪುಗಳಲ್ಲಿ ಹಂಚಿಹೋಗುತ್ತವೆ. ಅಲ್ಲಿರುವ ‘ಅಲಿಸಾಲ್’ ಬೇರೆಯೇ ಮಣ್ಣು. ಅಚ್ಚಿನ ತಪ್ಪೆಂದು ತಿದ್ದಿಬಿಡಬೇಡಿ.

‘ಕ್ಲೇ’ಗೆ ಒಂದೇ ಪದ ಸಾಲದು. 0.002 ಮಿ.ಮೀ.ಗಿಂತ ಸಣ್ಣ ಕಣಕ್ಕೆ ‘ಜೇಡಿಕಣ’, ಅಂಥ ಕಣ ಶೇ 40 ಅಥವಾ ಹೆಚ್ಚಿರುವ ಮಣ್ಣಿಗೆ ‘ಜೇಡಿಮಣ್ಣು’, ಸ್ಮೆಕ್ಟೈಟ್‌ನಂಥ (ನೆನೆದಾಗ ಉಬ್ಬುವ) ಖನಿಜಗಳಿಗೆ ‘ಜೇಡಿ ಖನಿಜ’ ಎನ್ನಿ. ಜೇಡಿಕಣಕ್ಕಿಂತ ದೊಡ್ಡದು, ಮರಳಿಗಿಂತ ಸಣ್ಣದಾದ ‘ಸಿಲ್ಟ್’ಗೆ ‘ರೇವೆ’ ನಡೆಯುತ್ತದೆ, ಆದರೆ ಅದರ ಮೇಲಿನ ಮಿತಿ ಅಮೆರಿಕದ ಪದ್ಧತಿಯಲ್ಲಿ 0.05 ಮಿ.ಮೀ., ಡಬ್ಲ್ಯುಆರ್‌ಬಿಯಲ್ಲಿ 0.063. ಕೋಷ್ಟಕದ ತಲೆಯಲ್ಲಿ ಯಾವ ಮಿತಿಯೆಂದು ಬರೆಯದಿದ್ದರೆ ಒಂದೇ ಮಾದರಿಯ ರೇವೆ, ಮರಳಿನ ಶೇಕಡಾವಾರು ಎರಡು ವರದಿಗಳಲ್ಲಿ ಎರಡಾಗಿ ಕಾಣುತ್ತದೆ.