ದಿನಬಳಕೆಗೆ ಕಡಿಮೆ ಬೆಲೆಯ ಮಡಚುವ ಚಾಕು: ಸಾಣೆ ಅಂಗಡಿಯವರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಶಿವಮೊಗ್ಗದಲ್ಲಿ 22 ವರ್ಷಗಳಿಂದ ಸಾಣೆ ಮತ್ತು ಚಾಕು ದುರಸ್ತಿಯ ಅಂಗಡಿ ನಡೆಸುತ್ತಿರುವ ನಮ್ಮ ಸದಸ್ಯರು ಈ ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಕೇಳುವವರು ತಮ್ಮ ಊರನ್ನೂ ಚಾಕುವಿನಿಂದ ಮಾಡುವ ಕೆಲಸವನ್ನೂ ತಿಳಿಸಬೇಕೆಂದು ವಿನಂತಿ.

ತೀರ್ಥಹಳ್ಳಿಯ ಸದಸ್ಯರು: ನಮಸ್ಕಾರ ಸರ್. ನನಗೆ ಮೂರು ಎಕರೆ ಅಡಿಕೆ ತೋಟವಿದೆ. ಬಾಳೆ ಎಲೆ ಕೊಯ್ಯಲು, ಗೊಬ್ಬರದ ಚೀಲದ ಹೊಲಿಗೆ ಬಿಡಿಸಲು, ಹನಿ ನೀರಾವರಿಯ ಪೈಪು ಕತ್ತರಿಸಲು ಮತ್ತು ಹಣ್ಣು ಹೆಚ್ಚಲು ಜೇಬಿನಲ್ಲಿ ಒಂದೇ ಚಾಕು ಇದ್ದರೆ ಸಾಕು. ಎರಡು ಸಾವಿರ ರೂಪಾಯಿಯೊಳಗೆ ಯಾವುದನ್ನು ಕೊಳ್ಳಲಿ?

ಸಾಣೆ ಅಂಗಡಿಯವರು: ನಮಸ್ಕಾರ. ಈ ಕೆಲಸಗಳಿಗೆ ಏಳೆಂಟು ಸೆಂಟಿಮೀಟರ್ ಉದ್ದದ ತೆಳುವಾದ ಅಲಗು ಧಾರಾಳವಾಯಿತು. ದಪ್ಪ ಅಲಗು ನೋಡಲು ಗಟ್ಟಿಮುಟ್ಟಾಗಿರುತ್ತದೆ, ಆದರೆ ಮಾವಿನ ಹಣ್ಣನ್ನು ಹೆಚ್ಚುವ ಬದಲು ಸೀಳಿಬಿಡುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುಗಳಲ್ಲಿ 7 ಅಥವಾ 8ನೆಯ ಸಂಖ್ಯೆಯದು ನಿಮ್ಮ ಮಿತಿಯೊಳಗೆ ಸಿಕ್ಕಿದರೆ ಅದನ್ನೇ ಕೊಳ್ಳಿರಿ. 8ನೆಯದರ ಅಲಗು ಎಂಟೂವರೆ ಸೆಂಟಿಮೀಟರ್ ಉದ್ದವಿದ್ದು, ಹಿಡಿ ಮರದ್ದು. ಕೀಲಿನ ಬಳಿ ಇರುವ ಉಕ್ಕಿನ ಬಳೆಯನ್ನು ತಿರುಗಿಸಿದರೆ ಅಲಗು ಮಡಚಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ. 1955ರಿಂದ ಬಳಕೆಯಲ್ಲಿರುವ ಈ ಏರ್ಪಾಡಿನಲ್ಲಿ ಕೆಡುವಂಥದ್ದು ಹೆಚ್ಚೇನೂ ಇಲ್ಲ. ಕಾರ್ಬನ್ ಸ್ಟೀಲಿನದು ಬೇಗ ಹರಿತವಾಗುತ್ತದೆ, ಆದರೆ ನಿಂಬೆ, ಮಾವು ತಾಗಿದರೆ ಕಪ್ಪಾಗಿ, ಒದ್ದೆಯಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ನಿಮ್ಮೂರಿನ ಮಳೆಗೆ ಸ್ಟೇನ್‌ಲೆಸ್ಸೇ ಸರಿ.

ಮಳೆಗಾಲದಲ್ಲಿ ಮರದ ಹಿಡಿ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಆಗ ಉಗುರು ಹಾಕಿ ಎಳೆಯಬೇಡಿರಿ. ಬಳೆಯನ್ನು ತೆರೆದ ಕಡೆಗೆ ತಿರುಗಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ತಟ್ಟಿದರೆ ಅಲಗಿನ ಮೊನೆ ತಾನಾಗಿ ಮೇಲೇಳುತ್ತದೆ.

ಬೆಂಗಳೂರಿನ ಸದಸ್ಯರೊಬ್ಬರು: ಸರ್, ನಾನು ಎಡಗೈಯವನು. ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಲಾಕುಗಳಲ್ಲಿ ಎಡಗೈಗೆ ಹೊಂದುವುದು ಯಾವುದು?

ಮಂಗಳೂರಿನ ಸದಸ್ಯರು: ಚಾಕುವನ್ನು ಜೇಬಿನಲ್ಲಿಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆಯೇ?

ಸಾಣೆ ಅಂಗಡಿಯವರು: 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 2016ರ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಳ್ಳ ಚಾಕುಗಳನ್ನು ಶಸ್ತ್ರಗಳ ಪಟ್ಟಿಗೆ ಸೇರಿಸಿವೆ, ಮನೆಗೆಲಸ, ಕೃಷಿ ಮತ್ತು ಕೈಗಾರಿಕೆಗೆಂದು ಮಾಡಿದವು ಅದಕ್ಕೆ ಹೊರತು. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದಿದ್ದು, ಗುಂಡಿ ಅಥವಾ ಸ್ಪ್ರಿಂಗಿನಿಂದ ತೆರೆಯುವ ಚಾಕುಗಳ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ಅವುಗಳಿಗೂ ನಿರ್ಬಂಧವಿದೆ. ಗುಂಡಿ ಚಾಕುವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಚಾಕು ಎಷ್ಟೇ ಚಿಕ್ಕದಿರಲಿ, ಮೆಟ್ರೋ ಮತ್ತು ನ್ಯಾಯಾಲಯಕ್ಕೆ ಒಯ್ಯಬೇಡಿರಿ. ವಿಮಾನದಲ್ಲಿ ಕೈಚೀಲದಲ್ಲಿ ಇಡುವಂತಿಲ್ಲ. ಸಾಮಾನಿನ ಪೆಟ್ಟಿಗೆಯಲ್ಲಿ ಕಳುಹಿಸಿರಿ.

ಹಾಸನದ ಸದಸ್ಯರು: ನಾನು ನೋಡಿದ ಚಾಕುವಿನ ಮೇಲೆ ‘440 ಸ್ಟೀಲ್’ ಎಂದು ಬರೆದಿದೆ. ಒಳ್ಳೆಯದೇ?

ಸಾಣೆ ಅಂಗಡಿಯವರು: 440ಎ, 440ಬಿ, 440ಸಿ ಎಂದು ಮೂರು ಬಗೆಗಳಿವೆ. ಸಿ ಬಗೆಯಲ್ಲಿ ಅಲಗಿಗೆ ಗಟ್ಟಿತನ ಕೊಡುವ ಇಂಗಾಲ ಶೇಕಡಾ ಒಂದರ ಆಸುಪಾಸಿನಲ್ಲಿದ್ದರೆ ಎ ಬಗೆಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಅಕ್ಷರವಿಲ್ಲದ ಬರಿಯ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಶಿರಸಿಯ ಸದಸ್ಯರು: ಸರ್, ಕಳೆದ ತಿಂಗಳು ಆನ್‌ಲೈನಿನಲ್ಲಿ 350 ರೂಪಾಯಿಗೆ ಒಂದು ಲೈನರ್ ಲಾಕ್ ಚಾಕು ತರಿಸಿದ್ದೆ. ನಿನ್ನೆ ಸಂಜೆ ನನ್ನ ಮಗ ಗೋಣಿಚೀಲಕ್ಕೆ ಮೊನೆ ಚುಚ್ಚುತ್ತಿದ್ದಾಗ ಅಲಗು ಇದ್ದಕ್ಕಿದ್ದಂತೆ ಮಡಚಿಕೊಂಡು ತೋರುಬೆರಳಿನ ಒಳಬದಿಯನ್ನು ಕೊಯ್ದಿದೆ. ಕಾಫಿಪುಡಿ ಒತ್ತಿ ಕಟ್ಟಿದೆವು, ರಕ್ತ ನಿಂತಿದೆ. ಬೆರಳಿನ ತುದಿ ಮಡಚಲು ಬರುತ್ತಿಲ್ಲ, ಜೋಮು ಹಿಡಿದಂತಿದೆ ಎನ್ನುತ್ತಾನೆ, ನೋವಿನಿಂದ ಇರಬಹುದು. ಆ ಲಾಕನ್ನು ಸರಿಪಡಿಸಲು ಸಾಧ್ಯವೇ?

ಸಾಣೆ ಅಂಗಡಿಯವರು: ಚಾಕುವಿನ ವಿಚಾರ ಆಮೇಲೆ. ಮಗನನ್ನು ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ, ನಾಳೆ ಬೆಳಿಗ್ಗೆ ನೋಡೋಣ ಎನ್ನಬೇಡಿರಿ. ನಾನು ವೈದ್ಯನಲ್ಲ, ಆದರೆ ಈ ಲಕ್ಷಣವನ್ನು ಹತ್ತಿರದಿಂದ ಕಂಡಿದ್ದೇನೆ. ಬೆರಳನ್ನು ಮಡಚುವ ಸ್ನಾಯುರಜ್ಜು ಅಂಗೈಯಿಂದ ಬೆರಳ ತುದಿಯವರೆಗೆ ಹಗ್ಗದಂತೆ ಹರಿದಿರುತ್ತದೆ, ಅದರ ಎರಡೂ ಪಕ್ಕದಲ್ಲಿ ಸ್ಪರ್ಶದ ನರಗಳಿರುತ್ತವೆ. ರಜ್ಜು ತುಂಡಾಗಿದ್ದರೆ ಮೇಲಿನ ಗಾಯ ಮಾಗಿದರೂ ತುದಿಯ ಗೆಣ್ಣು ಮಡಚುವುದಿಲ್ಲ. ತುಂಡಾದ ಕೊನೆ ಅಂಗೈಯತ್ತ ಸರಿದುಹೋಗುವುದರಿಂದ, ತಡವಾದಷ್ಟೂ ಅದನ್ನು ಹಿಡಿದು ಹೊಲಿಯುವುದು ಕಷ್ಟವಾಗುತ್ತದೆ. ನನ್ನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನಿಗೆ ಹೀಗೆಯೇ ಆದಾಗ, ರಕ್ತ ನಿಂತಿತಲ್ಲ ಎಂದು ನಾನೇ ಬಟ್ಟೆ ಕಟ್ಟಿ ಹತ್ತು ದಿನ ಕಳೆದೆ. ಅವನ ಕಿರುಬೆರಳು ಇಂದಿಗೂ ನೆಟ್ಟಗೇ ನಿಂತಿದೆ. ಆ ತಪ್ಪು ನನ್ನದು, ನೀವು ಅದನ್ನು ಮಾಡಬೇಡಿರಿ. ಬೆರಳು ಮಡಚುತ್ತಿಲ್ಲ, ಜೋಮು ಇದೆ ಎಂಬ ಎರಡು ಮಾತನ್ನೂ ವೈದ್ಯರಿಗೆ ಬಿಡಿಸಿ ಹೇಳಿರಿ, ಧನುರ್ವಾಯುವಿನ ಚುಚ್ಚುಮದ್ದನ್ನೂ ಕೇಳಿರಿ. ಕಾಫಿಪುಡಿ ಹಾಕಿದ್ದನ್ನು ಮುಚ್ಚಿಡಬೇಡಿರಿ, ಅವರು ಅದನ್ನು ತೊಳೆದು ತೆಗೆಯಬೇಕು. ಗುಂಪಿನ ಉಳಿದವರಿಗೂ ಹೇಳುತ್ತಿದ್ದೇನೆ, ಕೊಯ್ದ ಗಾಯಕ್ಕೆ ಕಾಫಿಪುಡಿ, ಅರಿಶಿನ, ಸುಣ್ಣ ಯಾವುದನ್ನೂ ತುಂಬಬಾರದು. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು.

ಈಗ ಲಾಕಿನ ಮಾತು. ಲೈನರ್ ಲಾಕಿನಲ್ಲಿ ಹಿಡಿಯೊಳಗಿನ ತಗಡಿನ ನಾಲಿಗೆಯೊಂದು ಪಕ್ಕಕ್ಕೆ ಚಿಮ್ಮಿ ಅಲಗಿನ ಬುಡಕ್ಕೆ ಆನಿಕೊಂಡು ನಿಲ್ಲುತ್ತದೆ. ಅಲಗನ್ನು ಪೂರ್ತಿ ಬಿಚ್ಚಿ, ಹಿಡಿಯ ಸೀಳಿನೊಳಗೆ ಬೆಳಕು ಬೀಳುವಂತೆ ಹಿಡಿದು ನೋಡಿರಿ: ಆ ನಾಲಿಗೆ ಅಲಗಿನ ಬುಡದ ದಪ್ಪದಲ್ಲಿ ಕಾಲು ಭಾಗದಷ್ಟಾದರೂ ಒಳಗೆ ಬಂದು ಕೂತಿರಬೇಕು. ದುರಸ್ತಿಗೆ ಬರುವ ಅಗ್ಗದ ಚಾಕುಗಳಲ್ಲಿ ಅದು ಅಂಚನ್ನು ಉಗುರಿನಷ್ಟು ತಾಗಿರುತ್ತದೆ, ಅಷ್ಟೆ. ಎರಡೂ ಸೇರುವ ಮುಖದ ಓರೆ ತಪ್ಪಿದ್ದರಂತೂ, ಭಾರ ಬಿದ್ದಷ್ಟೂ ನಾಲಿಗೆ ಹೊರಕ್ಕೆ ಜಾರುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಹಿಡಿಯನ್ನು ಎರಡು ಪಕ್ಕದಿಂದ ಮಾತ್ರ ಹಿಡಿದು, ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲಗೆ ಒತ್ತಿರಿ. ಸ್ವಲ್ಪ ಸಡಿಲಿದರೂ ಅಲ್ಲಿಯೇ ಹಿಂದಿರುಗಿಸಿರಿ.

ಐನೂರು ರೂಪಾಯಿಯೊಳಗೆ ನಂಬುವಂಥ ಲಾಕ್ ನನ್ನ ಕೈಗೆ ಬಂದಿಲ್ಲ. ಆ ಬೆಲೆಗೆ ಲಾಕ್ ಇಲ್ಲದ, ಹಿಡಿಯ ಬೆನ್ನಿನ ಸ್ಪ್ರಿಂಗಿನ ಬಿಗುವಿನಲ್ಲಿ ನಿಲ್ಲುವ ಚಾಕುವನ್ನೇ ಕೊಳ್ಳಿರಿ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ, 58 ಮತ್ತು 91 ಮಿಲಿಮೀಟರ್ ಉದ್ದದ ಹಿಡಿಯ ಹೆಸರಾಂತ ಚಾಕುಗಳಿಗೂ ಲಾಕ್ ಇಲ್ಲ. ಲಾಕ್ ಇಲ್ಲವೆಂದು ತಿಳಿದ ಕೈ ಮೊನೆಯಿಂದ ಚುಚ್ಚುವುದಿಲ್ಲ, ಅಲಗಿನ ಬೆನ್ನಿನ ಮೇಲೆ ಭಾರ ಹಾಕುವುದಿಲ್ಲ. ಕೆಟ್ಟ ಲಾಕಾದರೋ ಸುಳ್ಳು ಧೈರ್ಯವನ್ನು ಕೊಟ್ಟು ಬೆರಳನ್ನು ತೆಗೆಯುತ್ತದೆ.

ಹೊನ್ನಾವರದ ಸದಸ್ಯರು: ನನಗೆ ಬಂದ ಸಂದೇಶವೊಂದನ್ನು ಹಂಚಿಕೊಳ್ಳುತ್ತಿದ್ದೇನೆ. ಅಗ್ಗದ ಚಾಕುವಿನ ಅಲಗನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ಉಪ್ಪುನೀರಿಗೆ ಅದ್ದಿದರೆ ಮತ್ತೆ ಸಾಣೆ ಹಿಡಿಯಬೇಕಿಲ್ಲವಂತೆ.

ಸಾಣೆ ಅಂಗಡಿಯವರು: ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿರಿ. ಈ ವರ್ಷ ಇದೇ ಸಂದೇಶ ನನಗೆ ಆರನೆಯ ಸಲ ಬಂದಿದೆ. ಕಾರ್ಬನ್ ಸ್ಟೀಲಿನ ಅಲಗು ನೀಲಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಶಾಖ ಸುಮಾರು 300 ಡಿಗ್ರಿ ತಲುಪಿ, ಕಾರ್ಖಾನೆಯಲ್ಲಿ ಕೊಟ್ಟ ಹದ ಇಳಿಯತೊಡಗಿರುತ್ತದೆ. ಸ್ಟೇನ್‌ಲೆಸ್ಸನ್ನು ಮರಳಿ ಗಟ್ಟಿ ಮಾಡಲು ಸಾವಿರ ಡಿಗ್ರಿಗೂ ಮೇಲಿನ ಶಾಖ ಅಲಗಿಗೆಲ್ಲ ಒಂದೇ ಸಮನೆ ಬೇಕು. ಅಡುಗೆ ಒಲೆಯಲ್ಲಿ ಮೊನೆ ಸುಟ್ಟು, ಬುಡ ಹಸಿಯಾಗಿ ಉಳಿದು, ಹಿಡಿಯ ಪ್ಲಾಸ್ಟಿಕ್ ಕರಗುತ್ತದೆ.

ಸಾಗರದ ಸದಸ್ಯರು: ಕ್ಷಮಿಸಿ, ನಮ್ಮೂರಿನ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಅದ್ದಿಯೇ ಅಲ್ಲವೇ ಕತ್ತಿ ಮಾಡುವುದು? ಫ್ರಾನ್ಸಿನ ಚಾಕುವಿಗೆ ಎರಡು ಸಾವಿರ ಸುರಿಯುವ ಬದಲು ಅವರ ಕೈಗೆ ಮುನ್ನೂರು ಕೊಡಬಾರದೇ?

ಬೆಂಗಳೂರಿನ ಇನ್ನೊಬ್ಬ ಸದಸ್ಯರು: ಕಮ್ಮಾರರ ಕತ್ತಿಯನ್ನು ಜೇಬಿನಲ್ಲಿ ಮಡಚಿಡಲು ಬರುತ್ತದೆಯೇ ಮಾನ್ಯರೇ? ಪ್ರಶ್ನೆ ಮಡಚುವ ಚಾಕುವಿನದು.

ಸಾಗರದ ಸದಸ್ಯರು: ನಮ್ಮಜ್ಜನ ಸೊಂಟದ ಪಟ್ಟಿಯಲ್ಲಿ ಕೊಂಬಿನ ಹಿಡಿಯ ಮಡಚುವ ಚಾಕು ಇರುತ್ತಿತ್ತು. ಅದನ್ನು ಮಾಡಿದ್ದು ಊರಿನವರೇ. ನಗರದಲ್ಲಿ ಕುಳಿತವರಿಗೆ ಇದು ತಿಳಿಯದು.

ಬೆಂಗಳೂರಿನ ಇನ್ನೊಬ್ಬ ಸದಸ್ಯರು: ಅಂಥದ್ದನ್ನು ಈಗ ಮಾಡುವವರ ಊರನ್ನು ಹೇಳಿರಿ, ನಾಳೆಯೇ ಹೋಗಿ ಕೊಳ್ಳುತ್ತೇನೆ. ಹೇಳಲಾಗದಿದ್ದರೆ ಸುಮ್ಮನಿರಿ.

ಸಾಗರದ ಸದಸ್ಯರು: ನಿಮ್ಮಿಂದ ಕೇಳಿಸಿಕೊಂಡು ಸುಮ್ಮನಿರಬೇಕಾದ ಅಗತ್ಯ ನನಗಿಲ್ಲ.

ನಿರ್ವಾಹಕರು: ಇಬ್ಬರೂ ದಯವಿಟ್ಟು ವಿಷಯಕ್ಕೆ ಮರಳಿರಿ.

ಸಾಣೆ ಅಂಗಡಿಯವರು: ಕಮ್ಮಾರರು ಕಾಯಿಸಿ ಅದ್ದಿ ಅಷ್ಟಕ್ಕೇ ಬಿಡುವುದಿಲ್ಲ. ಮತ್ತೆ ಹಗುರಾಗಿ ಕಾಯಿಸಿ, ಬಣ್ಣ ನೋಡಿ ಹದಕ್ಕೆ ತರುತ್ತಾರೆ. ಆ ಕಣ್ಣು ವರ್ಷಗಟ್ಟಲೆ ದುಡಿದು ಬಂದದ್ದು. ಅವರ ಕತ್ತಿಯನ್ನು ನಾನು ಗೌರವದಿಂದ ಸಾಣೆ ಹಿಡಿಯುತ್ತೇನೆ. ಆದರೆ ಮಡಚುವ ಚಾಕುವಿನ ಕೀಲು ಮತ್ತು ಬೆನ್ನಿನ ಸ್ಪ್ರಿಂಗನ್ನು ಕೂದಲೆಳೆಯಷ್ಟೂ ತಪ್ಪದೆ ಕೂರಿಸುವುದು ಬೇರೆಯೇ ಕೆಲಸ.

ಮೈಸೂರಿನ ಸದಸ್ಯರು: ವಜ್ರದ ಪುಡಿ ಹಚ್ಚಿದ ಸಾಣೆ ತಟ್ಟೆ ಒಳ್ಳೆಯದೋ, ಸಾಧಾರಣ ಮಸೆಗಲ್ಲೋ?

ತುಮಕೂರಿನ ಸದಸ್ಯರು: ಆತ್ಮರಕ್ಷಣೆಗೆ ಯಾವ ಚಾಕು ಒಳ್ಳೆಯದು ಸರ್?

ಸಾಣೆ ಅಂಗಡಿಯವರು: ಆ ಉದ್ದೇಶಕ್ಕೆ ನಾನು ಯಾವ ಚಾಕುವನ್ನೂ ಹೇಳುವುದಿಲ್ಲ.

ಉಡುಪಿಯ ಸದಸ್ಯರು: ಕೀಲಿಗೆ ಕೊಬ್ಬರಿ ಎಣ್ಣೆ ಬಿಡಬಹುದೇ?

ಸಾಣೆ ಅಂಗಡಿಯವರು: ಬೇಡ. 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಕಾಲಕ್ರಮದಲ್ಲಿ ಅಂಟಾಗಿ ಕಸ ಹಿಡಿಯುತ್ತದೆ. ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಮಿನರಲ್ ಆಯಿಲ್ ಒಂದು ಹನಿ ಸಾಕು.

ಗದಗಿನ ಸದಸ್ಯರು: ಜೇಬಿನಲ್ಲಿ ಚಾಕು ಇಟ್ಟುಕೊಳ್ಳುವುದು ಕಾನೂನುಬಾಹಿರವೇ?

ಸಾಣೆ ಅಂಗಡಿಯವರು: ಮೇಲೆ ಬರೆದಿದ್ದೇನೆ, ಓದಿರಿ.

ದಾವಣಗೆರೆಯ ಸದಸ್ಯರು: 400 ರೂಪಾಯಿಯಲ್ಲಿ ಲಾಕ್ ಇರುವ ಒಳ್ಳೆಯ ಚಾಕು ತಿಳಿಸಿ.

ಸಾಣೆ ಅಂಗಡಿಯವರು: ಇಲ್ಲ. ಶಿರಸಿಯವರು ಬರೆದದ್ದನ್ನು ಓದದೆ ಈ ಪ್ರಶ್ನೆ ಕೇಳುವುದು ಸರಿಯಲ್ಲ.

ಬೆಂಗಳೂರಿನ ಸದಸ್ಯರೊಬ್ಬರು: ಎಡಗೈಯವರ ಲಾಕಿನ ಬಗ್ಗೆ ಕೇಳಿದ್ದೆ, ಉತ್ತರ ಬರಲಿಲ್ಲ.

ಶಿರಸಿಯ ಸದಸ್ಯರು: ಸರ್, ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ರಜ್ಜು ತುಂಡಾಗಿದೆ ಎಂದರು, ನಾಳೆ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ. ನೀವು ಹೇಳದಿದ್ದರೆ ಇನ್ನೂ ಮನೆಯಲ್ಲೇ ಇರುತ್ತಿದ್ದೆವು. ಆ ಚಾಕುವನ್ನು ಏನು ಮಾಡಲಿ?

ಸಾಣೆ ಅಂಗಡಿಯವರು: ಹೊಲಿಗೆ ಹಾಕಿದ ಮೇಲೆ ಬೆರಳಿಗೆ ವ್ಯಾಯಾಮ ಹೇಳಿಕೊಡುತ್ತಾರೆ, ಅವರು ಹೇಳಿದ ದಿನದಿಂದ, ಹೇಳಿದಷ್ಟೇ ಮಾಡಿಸಿರಿ. ಚಾಕುವನ್ನು ಯಾರಿಗೂ ಕೊಡಬೇಡಿರಿ, ಗುಜರಿಗೂ ಹಾಗೆಯೇ ಹಾಕಬೇಡಿರಿ, ಯಾರಾದರೂ ಎತ್ತಿಕೊಂಡು ಬಳಸಿಯಾರು. ಕೀಲಿನ ತಿರುಪು ಬಿಚ್ಚಿ ಅಲಗನ್ನೂ ಹಿಡಿಯನ್ನೂ ಬೇರೆ ಮಾಡಿ, ಅಲಗಿಗೆ ದಪ್ಪ ರಟ್ಟು ಸುತ್ತಿ ಆಮೇಲೆ ಎಸೆಯಿರಿ.