ಸಹಾಯ ಬೇಕು: ಮೂರನೇ ಕಿಲೋಮೀಟರಿನಲ್ಲಿ ಮಗಳು ನಿಂತುಬಿಡುತ್ತಾಳೆ

ನಮಸ್ಕಾರ, ನಾವು ಮಡಿಕೇರಿಯವರು. ಹತ್ತನೇ ಕ್ಲಾಸಿನ ಮಗಳು 4 ಕಿ.ಮೀ. ಕ್ರಾಸ್ ಕಂಟ್ರಿ (ಟ್ರ್ಯಾಕ್ ಬಿಟ್ಟು ಬಯಲು, ಗುಡ್ಡದ ದಾರಿಯಲ್ಲಿ ನಡೆಯುವ ಓಟದ ಸ್ಪರ್ಧೆ) ಓಡುತ್ತಾಳೆ. ಕಾಫಿ ತೋಟದ ಏರುರಸ್ತೆಯಲ್ಲಿ ಒಬ್ಬಳೇ ಓಡಿದರೆ ಆರಾಮಾಗಿ ಮುಗಿಸುತ್ತಾಳೆ. ಸ್ಪರ್ಧೆಯ ದಿನ ಮಾತ್ರ ಗುಂಪಿನ ಜೊತೆ ಮೊದಲ ಕಿಲೋಮೀಟರನ್ನು 4 ನಿಮಿಷಕ್ಕೇ ಓಡಿಬಿಡುತ್ತಾಳೆ, ಅಭ್ಯಾಸದಲ್ಲಿ ಅದಕ್ಕೆ 5 ನಿಮಿಷ ಬೇಕು, ಆಮೇಲೆ ಮೂರನೆಯದರಲ್ಲಿ ಏರು ಬಂದ ಕೂಡಲೇ "ನನ್ನಿಂದ ಆಗಲ್ಲ" ಅಂತ ನಡೆಯುತ್ತಾಳೆ. ಕಳೆದ ಸಲ ತುಂಬಾ ಅತ್ತಳು, ನೋಡಲಾಗಲಿಲ್ಲ.

ವಾರಕ್ಕೆ ಮೂರು ದಿನ ನಿಧಾನ ಓಟ, ಒಂದು ದಿನ 200 ಮೀಟರ್ ಏರು 6 ಸಲ, ಹೆಜ್ಜೆಗೆ ತಕ್ಕಂತೆ ಉಸಿರು ಎಣಿಸುವುದು, ಎಲ್ಲ ಮಾಡಿಸಿದೆವು. ನಿಧಾನವಾಗಿ ಶುರು ಮಾಡು ಅಂದರೆ ಹಿಂದೆ ಉಳಿಯುವ ಭಯ. ಅದೂ ಸಹಜ ಅಲ್ವಾ? ಇದು ವೇಗದ ತಪ್ಪೋ, ಮನಸ್ಸಿನ ಹೆದರಿಕೆಯೋ ಗೊತ್ತಾಗುತ್ತಿಲ್ಲ.

ಮುಂದಿನ ಸ್ಪರ್ಧೆಗೆ ಇನ್ನು 3 ವಾರ ಇದೆ. ಮಕ್ಕಳಿಗೆ ತರಬೇತಿ ಕೊಟ್ಟವರು ದಯವಿಟ್ಟು ಹೇಳಿ: ಗುಂಪಿನ ಮಧ್ಯೆಯೂ ಮೊದಲ ಕಿಲೋಮೀಟರ್ ತಡೆದು ಓಡುವುದನ್ನು ಅವಳಿಗೆ ಹೇಗೆ ಕಲಿಸುವುದು?